ನೀರಿಳಿಸುವ ಕೆಲಸ

ಮಳೆಯಲ್ಲಿ ನೆನೆದ ಕುರಿಯುಣ್ಣೆಯ ವಾಸನೆ ಎಂದರೆ ಲಕ್ಕಯ್ಯನಿಗೆ ಬೆಚ್ಚಗಿನ ನಿದ್ದೆ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಚಿಕ್ಕವ್ವ ಪುಟ್ಟಲಕ್ಷ್ಮಮ್ಮ, ಸೋರುವ ಗುಡಿಸಲಿನಿಂದ ಎತ್ತಿಕೊಂಡು ಹೋಗಿ ಕುರಿರೊಪ್ಪದಲ್ಲಿ ಮರಿಗಳ ನಡುವೆ ಮಲಗಿಸುತ್ತಿದ್ದಳು.

ಈಗ ಅವಳ ಕುರಿಗಳು ಹಾರೋಹಳ್ಳಿಯ ಔಷಧ ಕಾರ್ಖಾನೆಯ ಹಿಂದಿನ ಬೀಳಿನಲ್ಲಿ ಮೇಯುತ್ತಿದ್ದವು. ಲಕ್ಕಯ್ಯ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನೀರಿನಲ್ಲಿದ್ದ ಔಷಧದ ಸರಕನ್ನು ಸಾಲ್ವೆಂಟು ಎಂಬ ದ್ರಾವಕಕ್ಕೆ ಎಳೆದುಕೊಳ್ಳುವ ಆ ಕೆಲಸಕ್ಕೆ ಇಂಜಿನಿಯರುಗಳು ಎಕ್ಸ್‌ಟ್ರಾಕ್ಷನ್ ಎನ್ನುತ್ತಿದ್ದರು. ಕೆಲಸಗಾರರ ಬಾಯಲ್ಲಿ ಅದು 'ನೀರಿಳ್ಸೋದು'. ಎರಡನ್ನೂ ತೊಟ್ಟಿಯಲ್ಲಿ ಕಲಕಿ ಬಿಟ್ಟರೆ ಸಾಲ್ವೆಂಟು ಮೇಲೆ ತೇಲಿ ನೀರು ತಳದಲ್ಲಿ ನಿಲ್ಲುತ್ತಿತ್ತು; ತಳದ ವಾಲ್ವು ತಿರುಗಿಸಿ ಅದನ್ನು ಚರಂಡಿಗೆ ಬಿಡುವುದು. ಹೆಸರೇ ಕೆಲಸ ಹೇಳಿಕೊಡುತ್ತಿದ್ದುದರಿಂದ ಬೇರೆ ಯಾರನ್ನೂ ಕೇಳಬೇಕಿರಲಿಲ್ಲ.

ಆ ಬೆಳಿಗ್ಗೆ ಸೂಪರ್‌ವೈಸರ್ ಬೈರಪ್ಪ, "ಬೇರೆ ಸಾಲ್ವೆಂಟು ಬಂದೈತೆ ಕಣ್ಲಾ, ನೀರಿಳ್ಸಿ ಬಾ" ಎಂದಷ್ಟೇ ಹೇಳಿದ. ಲಕ್ಕಯ್ಯ ವಾಲ್ವು ತಿರುಗಿಸಿದ. ಸಿಹಿ ಘಾಟೊಂದು ಮೂಗಿಗೆ ಬಡಿದಾಗಲೂ ಹರಿಯುತ್ತಿರುವುದು ನೀರೆಂದೇ ನಂಬಿದ.

ಮಧ್ಯಾಹ್ನ ಸುದ್ದಿ ಬಂತು. ಚರಂಡಿ ಸೇರುವ ಹಳ್ಳದಲ್ಲಿ ನೀರು ಕುಡಿದ ಚಿಕ್ಕವ್ವನ ಮಂದೆಯೆಲ್ಲ ಸತ್ತು ಬಿದ್ದಿತ್ತು.

ಬೈರಪ್ಪನ ಮುಖ ಕಪ್ಪಿಟ್ಟಿತು. "ಹೊಸದು ನೀರಿಗಿಂತ ಭಾರ ಕಣ್ಲಾ. ತಳದಲ್ಲಿದ್ದದ್ದೇ ಸಾಲ್ವೆಂಟು. ಕುರಿಗೆ ರೋಗ ಬಂದಿತ್ತು ಅನ್ನು. ಬಾಯ್ಬುಟ್ರೆ ನಿನ್ ಕೆಲ್ಸ ಹೋಯ್ತದೆ."

ಲಕ್ಕಯ್ಯ ಹಳ್ಳಕ್ಕೆ ಓಡಿದ. ಚಿಕ್ಕಪ್ಪ ಪುಟ್ಟಲಿಂಗಯ್ಯ ಕತ್ತಿ ಮಸೆಯುತ್ತಿದ್ದ. ಊರವರು ಮಾಂಸಕ್ಕಾಗಿ ಪಾತ್ರೆ ಹಿಡಿದು ನಿಂತಿದ್ದರು.

"ಬಂದ್ನಪ್ಪಾ ಫ್ಯಾಕ್ಟ್ರಿ ಸಾಹೇಬ! ಬಾರ್ಲಾ, ಕಾಲು ಹಿಡ್ಕ. ಬಾಡಾದ್ರೂ ದಕ್ಲಿ."

"ಕುಯ್ಬ್ಯಾಡ ಚಿಕ್ಕಪ್ಪ. ಇಸ ಐತೆ."

"ಯಾವ ಇಸ್ವೋ?"

"ನಾನೇ ಬುಟ್ಟಿದ್ದು. ನೀರು ಅನ್ಕಂಡು ಬುಟ್ಬುಟ್ಟೆ. ಯಾರೂ ತಿನ್ಬ್ಯಾಡಿ."

ಪಾತ್ರೆಗಳು ಒಂದೊಂದಾಗಿ ಸೀರೆ ಸೆರಗಿನ ಹಿಂದೆ ಸರಿದವು. ಚಿಕ್ಕಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದ. "ಸಾಕಿದ್ದಕ್ಕೆ ಒಳ್ಳೇ ಕೂಲಿ ಕೊಟ್ಟೆ ಕಣ್ಲಾ!" ಪಕ್ಕದ ಮನೆಯ ಖುರ್ಷಿದಾ, ಏಟಿಗೆ ನೆಲಕ್ಕೆ ಬಿದ್ದ ಲಕ್ಕಯ್ಯನ ಟವಲನ್ನು ಒದರಿ ಅವನ ಹೆಗಲಿಗೆ ಹಾಕಿದಳು.

ಗುಂಡಿಯನ್ನು ಅವನೇ ತೋಡಿದ. ಚಿಕ್ಕವ್ವ ಒಂದೊಂದು ಕುರಿಯ ಮುಖ ಸವರಿ ಒಳಗಿಳಿಸಿದಳು. ದೂರದಲ್ಲಿ ನಿಂತು ನೋಡುತ್ತಿದ್ದ ಬೈರಪ್ಪ, ನಾಳೆಯಿಂದ ಗೇಟಿನ ಹತ್ತಿರ ಸುಳಿಯಬೇಡವೆಂದು ಹೇಳಿಕಳಿಸಿದ.

ಹೊತ್ತು ಮುಳುಗಿದಾಗ ಲಕ್ಕಯ್ಯ ಮನೆಯ ಹೊರಗಿನ ಜಗುಲಿಯಲ್ಲೇ ಕುಳಿತ. ಒಳಗಿನಿಂದ ಚಿಕ್ಕಪ್ಪನ ಬೈಗುಳ ಕೇಳುತ್ತಲೇ ಇತ್ತು. ಚಿಕ್ಕವ್ವ ಹೊಸಿಲು ದಾಟಿ ಬಂದಳು. ಅವನ ಮುಖ ನೋಡಲಿಲ್ಲ. ಮುದ್ದೆಯ ಮೇಲೆ ಹುರುಳಿ ಸಾರು ಬಿಟ್ಟಿದ್ದ ತಣಿಗೆಯನ್ನು ಅವನ ಕೈಗಿಟ್ಟು ಒಳಕ್ಕೆ ಹೋದಳು.