ಮೇಲ್ತುಟಿ

ಮತ್ತೆ ಕೈ ಅಲ್ಲಿಗೇ ಹೋಯಿತು. ಯೋಗಾನಂದ ಅದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಬಸ್ಸು ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದಿತ್ತು. ಪಕ್ಕದಲ್ಲಿ ಕೂತವನು ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಆದರೂ ಇಡೀ ಬಸ್ಸು ತನ್ನ ಮೇಲ್ತುಟಿಯನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಮೀಸೆ ಅಂಥದ್ದೇನೂ ಆಗಿರಲಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಉಳಿದ ಕೂಳೆಯ ಹಾಗೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಯಲಾಗಿ ನಿಂತಿತ್ತು. ನಡುವೆ ಒಂದಷ್ಟು ಬಿಳಿ ಕೂದಲು ಬೇರೆ. ಆರು ವರ್ಷ ದಿನಾ ಬೆಳಿಗ್ಗೆ ಬ್ಲೇಡು ಆಡಿದ ಜಾಗ. ಬೆಳೆಯಬಹುದು ಎಂಬುದೇ ಅದಕ್ಕೆ ಮರೆತುಹೋಗಿದ್ದಿರಬೇಕು.

ಅವನು ಕೆಲಸಕ್ಕಿದ್ದ ಮನರಂಜನಾ ಪಾರ್ಕಿನವರು ಹೋದ ತಿಂಗಳು ನಿಯಮ ಸಡಿಲಿಸಿದ್ದರು. ಗಂಡಸರು ಮೀಸೆ ಬಿಡಬಹುದು, ಗಡ್ಡವನ್ನೂ ಬಿಡಬಹುದು. ಹೆಂಗಸರೆಲ್ಲ ಒಂದೇ ನಮೂನೆಯ ತುರುಬು ಕಟ್ಟಬೇಕಿಲ್ಲ. ಹಚ್ಚೆ ಇದ್ದವರು ತೋಳಿಗೆ ಪಟ್ಟಿ ಸುತ್ತಬೇಕಿಲ್ಲ. ‘ನೀವು ನೀವಾಗಿರಿ’ ಎಂದು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ದೊಡ್ಡದಾಗಿ ಅಂಟಿಸಿದ್ದರು. ಬಂದ ಜನಕ್ಕೆ ಅರ್ಧ ಬೆಳೆದ ಮೀಸೆ ಕಾಣಬಾರದು, ಬೆಳೆಸುವವರು ರಜೆಯಲ್ಲಿ ಬೆಳೆಸಿಕೊಂಡು ಬರಬೇಕು ಎಂಬುದೊಂದೇ ಷರತ್ತು. ಯೋಗಾನಂದ ಇದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಕೋಗಿಲಿನ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮೀಸೆ ಬೆಳೆಸಿದ್ದ. ಸಸಿಮಡಿಯ ಮುಂದೆ ಕೂತವರ ಹಾಗೆ ಹೊತ್ತುಹೊತ್ತಿಗೂ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದ.

ಅವನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಪಾರ್ಕಿನಲ್ಲೊಂದು ಇತಿಹಾಸದ ಗ್ಯಾಲರಿ ಇತ್ತು, ಬಂದವರಿಗೆ ಅದನ್ನು ತೋರಿಸಿ ವಿವರಿಸಲೆಂದೇ ಕೆಲಸಕ್ಕೆ ತೆಗೆದುಕೊಂಡರು. ಗ್ಯಾಲರಿಗೆ ಜನ ಬರಲಿಲ್ಲ. ಅದನ್ನು ಮುಚ್ಚಿ ಐಸ್‌ಕ್ರೀಮ್ ಅಂಗಡಿ ಮಾಡಿದಾಗ, ಎತ್ತರ ಇದ್ದಾನೆಂದು ಇವನನ್ನು ಬಾಗಿಲಲ್ಲಿ ನಿಲ್ಲುವ ಮಹಾರಾಜನನ್ನಾಗಿ ಮಾಡಿದರು. ಯಾವ ವಂಶದ ರಾಜ ಎಂದು ಅವನು ಕೇಳಿದ್ದ. ಜನರಲ್ ರಾಜ ಎಂದಿದ್ದರು. ಪೇಟ ಒಂದು ಸೀಮೆಯದು, ನಿಲುವಂಗಿ ಇನ್ನೊಂದು ಕಾಲದ್ದು, ಜೋಡು ಎಲ್ಲಿಯದೋ. ಅಂಟಿಸುವ ಮೀಸೆ ಮಾತ್ರ ಭರ್ಜರಿಯಾಗಿತ್ತು. ಕೆನ್ನೆಯ ಅರ್ಧಕ್ಕೆ ಹೋಗಿ ಮೇಲಕ್ಕೆ ತಿರುಗುತ್ತಿತ್ತು. ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಬಂದವರಿಗೆ ಇತಿಹಾಸ ಹೇಳುವ ಕೆಲಸವೆಂದೇ ಅಲ್ಲಿ ಇವತ್ತಿಗೂ ತಿಳಿದಿದ್ದರು.

ಮೀಸೆ ತೆಗೆದ ಮೊದಲ ಭಾನುವಾರ ರಾಜಾನುಕುಂಟೆ ಆಚೆಯ ಊರಿಗೆ ಹೋಗಿದ್ದ. ಅಪ್ಪ ಮುನಿಯಲ್ಲಪ್ಪ ಹಸುವಿಗೆ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಿದ. ಅವರ ಕಡೆ ಗಂಡಸು ಮೀಸೆ ತೆಗೆಯುವುದು ಅಪ್ಪ ಸತ್ತಾಗ.

“ನಾನಿನ್ನೂ ಬದ್ಕಿವ್ನಲ್ಲೋ,” ಅಂದಿದ್ದ ಅಪ್ಪ.

ಅಷ್ಟೇ. ಜಗಳವಾಗಲಿಲ್ಲ, ರಂಪವಾಗಲಿಲ್ಲ. ಉಂಡೆಯಾ ಎಂದು ಕೇಳುತ್ತಿದ್ದ, ಬಸ್ಸು ಸಿಕ್ಕಿತಾ ಎಂದು ಕೇಳುತ್ತಿದ್ದ. ಅವತ್ತಿನಿಂದ ಮುಖ ಮಾತ್ರ ನೋಡಲಿಲ್ಲ. ಮಾತೆಲ್ಲ ಮಗನ ಭುಜದ ಜತೆ ನಡೆಯುತ್ತಿತ್ತು. ಕೆಲಸದ ರೂಲ್ಸು ಅಪ್ಪಾ, ನನ್ನ ಕೈಲೇನಿದೆ ಎಂದು ಯೋಗಾನಂದ ಹೇಳುತ್ತಿದ್ದ. ಅದು ನಿಜವೇ ಆಗಿತ್ತು. ಆರು ವರ್ಷ ಆ ನಿಜದ ಕೆಳಗೆ, ಮಳೆಗೆ ಸೂರು ಹಿಡಿದವನ ಹಾಗೆ, ನಿಂತಿದ್ದ.

ಮೊನ್ನೆ ಅಣ್ಣ ವಾಸು ಫೋನು ಮಾಡಿದ್ದ. ಮೀಸೆ ಬಿಟ್ಟ ಸುದ್ದಿ ಕೇಳಿ ಅಪ್ಪ ತಾನಾಗಿಯೇ ಪಾರ್ಕಿಗೆ ಬರುತ್ತೇನೆ ಅಂದನಂತೆ. ಭಾನುವಾರ ಸಾಯಂಕಾಲ ಮಕ್ಕಳ ಜತೆ ಕರೆದುಕೊಂಡು ಬರುತ್ತೇನೆ ಎಂದ ವಾಸು, ಆಮೇಲೆ ದನಿ ತಗ್ಗಿಸಿ, “ನಿನ್ನ ನೋಡಕ್ಕೇ ಕಣೋ,” ಅಂದಿದ್ದ.

ಇವತ್ತೇ ಆ ಭಾನುವಾರ, ರಜೆ ಮುಗಿದ ಮೊದಲ ದಿನ. ಯೋಗಾನಂದ ಲೆಕ್ಕ ಹಾಕಿಕೊಂಡಿದ್ದ. ಅಷ್ಟು ಹೊತ್ತಿಗೆ ಪಾಳಿ ಮುಗಿದಿರುತ್ತದೆ. ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ನೋಡಬೇಕು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಜೀಷಾನ್ ಕರಡಿಯ ಕಾಲು ತೊಡುತ್ತಿದ್ದ. ಆರ್.ಟಿ. ನಗರದ ಹುಡುಗ, ದಿನವಿಡೀ ಕರಡಿಯಾಗಿ ಮಕ್ಕಳ ಕೈ ಕುಲುಕುವವನು. ಅವನೂ ಗಡ್ಡ ಬಿಟ್ಟಿದ್ದ.

“ಏನ್ ಗುರು, ರಾಜ್ಯ ವಾಪಸ್ ಬಂತಾ?” ಅಂದ ಮೀಸೆ ನೋಡಿ. ತನ್ನದಂತೂ ಬಿಟ್ಟರೂ ಒಂದೇ, ತೆಗೆದರೂ ಒಂದೇ, ಕರಡಿಯ ಒಳಗೆ ಇನ್ನೊಂದು ಕರಡಿ ಎಂದು ನಕ್ಕು, ದೊಡ್ಡ ತಲೆಯನ್ನು ಹೊತ್ತುಕೊಂಡ.

ವೇಷಗಳ ಉಸ್ತುವಾರಿ ಆಶಾರಾಣಿಯದು. ಆಕೆ ಹತ್ತಿರ ಬಂದು, ಬಟ್ಟೆಯ ನೇಯ್ಗೆ ಪರೀಕ್ಷಿಸುವವಳ ಹಾಗೆ ಅವನ ತುಟಿ ನೋಡಿದಳು. ಅಂಟಿಸುವ ಮೀಸೆ ಎಂದಿನಂತೆ ಟ್ರೇಯಲ್ಲಿ ಇತ್ತು.

“ಇದ್ರಲ್ಲೇ ನಿಲ್ತೀರಾ?”

“ನಿಲ್ಲಬಹುದಲ್ಲ?”

“ನಿಲ್ಲಬಹುದು. ನಿಮ್ಮಿಷ್ಟ. ಯಾರೂ ಬೇಡ ಅನ್ನಲ್ಲ,” ಅಂದಳು. ನಿಂತು, ಇನ್ನೊಂದು ಸಲ ಟ್ರೇ ಕಡೆ ನೋಡಿ ಹೋದಳು.

ಬೇಡ ಅಂದಿದ್ದರೆ ಸುಲಭವಾಗುತ್ತಿತ್ತು ಎಂದು ಅವನಿಗೆ ಹೊಳೆದದ್ದು ಬಾಗಿಲಲ್ಲಿ ನಿಂತ ಮೇಲೆ.

ಜನ ಬರತೊಡಗಿದರು. ಅವನು ಎಂದಿನ ದನಿ ತೆಗೆದು, ಬನ್ನಿ ಪ್ರಜೆಗಳೇ, ನಮ್ಮ ರಾಜ್ಯಕ್ಕೆ ಸ್ವಾಗತ ಎಂದ. ಬಂದವರು ಅವನ ಎಡಕ್ಕೂ ಬಲಕ್ಕೂ ಹರಿದು ಹೋದರು, ಕಲ್ಲಿಗೆ ಸಿಕ್ಕಿದ ನೀರಿನ ಹಾಗೆ. ಒಬ್ಬ ಹೆಂಗಸು ಟಾಯ್ಲೆಟ್ ಯಾವ ಕಡೆ ಎಂದು ಕೇಳಿದಳು. ಇನ್ನೊಬ್ಬರು ಟಿಕೆಟು ಅವನ ಕೈಗೆ ಕೊಟ್ಟರು. ಒಂದು ಮಗು ಅವನನ್ನು ಮೇಲಿಂದ ಕೆಳಗೆ ನೋಡಿ, “ರಾಜ ಎಲ್ಲಿ ಅಂಕಲ್?” ಎಂದು ಕೇಳಿತು. ನಾನೇ ರಾಜ ಎಂದದ್ದಕ್ಕೆ ಅದು ಅಮ್ಮನ ಕಾಲು ಹಿಡಿದು ಹಿಂದೆ ಸರಿಯಿತು. ಮುಂದೆ ಸಿಗ್ತಾನೆ ಬಾ ಎಂದು ಅಮ್ಮ ಎಳೆದುಕೊಂಡು ಹೋದಳು.

ಅವನ ಜತೆ ಯಾರೂ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಆರು ವರ್ಷ ಯಾವುದನ್ನು ಹೇಸಿ ಹೇಸಿ ಮಾಡಿದ್ದನೋ ಅದು ಸಿಗದೇ ಹೋದದ್ದು ಇಷ್ಟು ನೋಯಿಸೀತು ಎಂದು ಅವನಿಗೆ ಗೊತ್ತಿರಲಿಲ್ಲ. ಪೇಟದ ಕೆಳಗೆ ಬೆವರು ಇಳಿಯಿತು. ಇಲ್ಲಿ ನಿಂತವನು ರಾಜನಲ್ಲ. ಸರಿ. ಮತ್ತೆ ಯಾರು? ಬೀಗರ ಮದುವೆಗೆ ಬೇರೆಯವರ ಬಟ್ಟೆ ತೊಟ್ಟು ಬಂದವನ ಹಾಗೆ ತನ್ನ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮಧ್ಯಾಹ್ನವಾಗುವ ಮೊದಲೇ ಒಳಗೆ ಹೋಗಿ ಮೀಸೆ ಅಂಟಿಸಿಕೊಂಡ. ಸ್ವಂತದ್ದರ ಮೇಲೆ ಕೂರಲಿಕ್ಕೆ ಗೋಂದು ಜಾಸ್ತಿ ಬೇಕಾಯಿತು. ಯಾರೂ ಹೇಳಿರಲಿಲ್ಲ, ಕೇಳಲೂ ಇಲ್ಲ. ಸಾಯಂಕಾಲದೊಳಗೆ ತೆಗೆದರಾಯಿತು ಎಂದುಕೊಂಡ.

ಬಾಗಿಲಿಗೆ ಬರುತ್ತಲೇ ಜನ ಮುತ್ತಿದರು.

ಊಟದ ಹೊತ್ತು ಕಳೆದು ಗುಂಪು ತೆಳುವಾದಾಗ ಎದುರಿಗೆ ಒಬ್ಬ ಮುದುಕ ನಿಂತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅಪ್ಪ. ಸಾಯಂಕಾಲ ಅಂದವರು ಈಗಲೇ ಬಂದಿದ್ದರು. ವಾಸು ಕಾಣಲಿಲ್ಲ. ಮಕ್ಕಳು ಅವನನ್ನು ಆಗಲೇ ನೀರಾಟದ ಕಡೆ ಎಳೆದುಕೊಂಡು ಹೋಗಿರಬೇಕು.

ಅಪ್ಪ ಅವನ ಮುಖವನ್ನು ನೋಡುತ್ತಿದ್ದ.

ಭುಜವನ್ನಲ್ಲ, ಮುಖವನ್ನು. ಆಪರೇಷನ್ ಆದ ಕಣ್ಣನ್ನು ಕೊಂಚ ಕಿರಿದು ಮಾಡಿ, ಗದ್ದದಿಂದ ಹಣೆಯವರೆಗೆ, ಹಣೆಯಿಂದ ಮತ್ತೆ ಮೀಸೆಗೆ ಇಳಿದು, ಪುರುಸೊತ್ತಾಗಿ. ಸಂತೆಯಲ್ಲಿ ಒಳ್ಳೆಯ ಎತ್ತಿನ ಮುಂದೆ ನಿಂತಾಗ ಅಪ್ಪನ ಮುಖದಲ್ಲಿ ಬರುತ್ತಿದ್ದ ಕಳೆ ಬಂದಿತ್ತು. ಆಮೇಲೆ ಎರಡೂ ಕೈ ಜೋಡಿಸಿದ.

“ಮೀಸೆ ಅಂದ್ರೆ ಇಂಗಿರ್ಬೇಕು ನೋಡಿ ಸ್ವಾಮಿ,” ಅಂದ. “ಅಂಟ್ಸಿರಾದಾ, ಸ್ವಂತದ್ದಾ?”

ಅಪ್ಪಾ ಅನ್ನಬೇಕಿತ್ತು. ಬಾಯಿ ತೆರೆದದ್ದೂ ಹೌದು. ಆ ಒಂದು ಮಾತಿಗೆ ಈ ನೋಟ ಜಾರಿ ಮತ್ತೆ ಭುಜಕ್ಕೆ ಇಳಿದೀತು. ಇನ್ನೊಂದು ಗಳಿಗೆ ನೋಡಲಿ ಅನ್ನಿಸಿತು. ಇನ್ನೊಂದೇ ಗಳಿಗೆ.

“ಸ್ವಂತದ್ದು,” ಎಂದ, ರಾಜನ ದನಿಯಲ್ಲಿ.

ಅಪ್ಪನಿಗೆ ಸಂತೋಷವಾಯಿತು. ಹತ್ತಿರ ಬಂದು, ಮನೆಯ ಮಾತು ಆಡುವವನ ಹಾಗೆ ದನಿ ಇಳಿಸಿದ. “ನಮ್ ಕಿರೀ ಮಗ್ನೂ ಇಲ್ಲೇ ಕೆಲ್ಸ ಮಾಡ್ತವ್ನೆ. ಯೋಗಾನಂದ ಅಂತ. ಬಂದೋರ್ಗೆ ಇತಿಹಾಸ ಯೋಳ್ತಾನೆ. ಅವ್ನೂ ಈಗ ಬುಟ್ಟವ್ನಂತೆ. ನೋಡಾನ ಅಂತ ಬಂದೆ. ನಿಮ್ಗೆ ಗೊತ್ತಾ ಅವ್ನು?”

“ಗೊತ್ತು.”

“ಎಂಗವ್ನೆ?”

ಯೋಗಾನಂದ ಕಲ್ಲುಬೆಂಚು ತೋರಿಸಿದ. ಕೂತಿರಿ, ಕಳಿಸುತ್ತೇನೆ ಎಂದ. ಅಪ್ಪ ಇನ್ನೊಮ್ಮೆ ಕೈ ಮುಗಿದು, ಇನ್ನೊಮ್ಮೆ ಮುಖ ನೋಡಿ, ನಡೆದ.

ಕೋಣೆಗೆ ಓಡುವಂತೆ ಬಂದು ಪೇಟ ಕಿತ್ತಿಟ್ಟ. ಗೋಂದು ಬಿಡಿಸುವ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿರಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಕಾಯುತ್ತಿದ್ದ. ತುದಿ ಹಿಡಿದು ಎಳೆದ. ಕಣ್ಣಿಗೆ ಕತ್ತಲೆ ಬಂತು. ಕೈಯಲ್ಲಿದ್ದ ಮೀಸೆಯನ್ನು ತಿರುಗಿಸಿದರೆ ಅದರ ಹಿಂಬದಿಯಲ್ಲಿ ಅವನದು ಅಂಟಿಕೊಂಡಿತ್ತು, ಬಿಳಿಯದೂ ಸೇರಿ. ಕನ್ನಡಿಯಲ್ಲಿ ತುಟಿ ಕೆಂಪಗೆ ಊದಿತ್ತು. ಒಂದು ಬದಿ ಪೂರ್ತಿ ಬೋಳು. ಇನ್ನೊಂದು ಬದಿಯಲ್ಲಿ ಯಾರೋ ಮೇಯಿಸಿಬಿಟ್ಟ ಬದುವಿನಂತೆ ಒಂದಿಷ್ಟು.

ಕರಡಿಯ ತಲೆಯನ್ನು ಮಡಿಲಲ್ಲಿಟ್ಟು ನೀರು ಕುಡಿಯುತ್ತಿದ್ದ ಜೀಷಾನ್ ತಿರುಗಿ ನೋಡಿದ. ಆಮೇಲೆ ತನ್ನ ಚೀಲದಿಂದ ರೇಜರು ತೆಗೆದು ಚಾಚಿದ.

“ಪೂರಾ ತೆಗ್ದುಬಿಡು ಗುರು. ಒಂದ್ಸಮ ಆದ್ರೂ ಆಗುತ್ತೆ.”

ಯೋಗಾನಂದ ತೆಗೆದುಕೊಳ್ಳಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಕೆಲಸಗಾರರ ಬಾಗಿಲಿನಿಂದ ಹೊರಬಿದ್ದ.

ಆ ಬಾಗಿಲು ತೆರೆಯುವುದು ಐಸ್‌ಕ್ರೀಮ್ ಅಂಗಡಿಯ ಪಕ್ಕದ ಓಣಿಗೆ. ಓಣಿಯ ಬಾಯಿಗೆ ಅಡ್ಡಲಾಗಿ, ಮಕ್ಕಳು ಫೋಟೋ ತೆಗೆಸಿಕೊಳ್ಳಲೆಂದು ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದ್ದರು. ಆ ಬದಿಯಲ್ಲಿ ರಾಜನ ಪೇಟ, ಹಾರ, ಕತ್ತಿ ಎಲ್ಲ ಬರೆದು, ಮುಖದ ಜಾಗದಲ್ಲಿ ತೂತು ಕೊರೆದಿದ್ದರು. ಈ ಬದಿಯಲ್ಲಿ ಬಣ್ಣವಿಲ್ಲದ ಮರ, ಅಡ್ಡಪಟ್ಟಿ, ಮೊಳೆ.

ತೂತಿನಲ್ಲಿ ಅಪ್ಪ ಕಂಡ.

ಬೆಂಚಿನಲ್ಲಿ ಕೂತು ಬೇಸರವಾಗಿ ಎದ್ದು ಬಂದಿರಬೇಕು. ಹಲಗೆಯ ಎದುರು, ಬಿಸಿಲಿನಲ್ಲಿ ನಿಂತಿದ್ದ. ಇದು ಏನೆಂದು ಅವನಿಗೆ ತಿಳಿದಂತಿರಲಿಲ್ಲ. ಇಷ್ಟೆಲ್ಲ ಬರೆದವರು ಮುಖವನ್ನು ಯಾಕೆ ಬಿಟ್ಟರು ಎಂದು ಯೋಚಿಸುವವನ ಹಾಗೆ, ಸ್ವಲ್ಪ ಮುಂದಕ್ಕೆ ಬಾಗಿ, ತೂತಿನೊಳಗೇ ನೋಡುತ್ತಿದ್ದ.

ಯೋಗಾನಂದ ಒಂದು ಹೆಜ್ಜೆ ಮುಂದೆ ಬಂದ. ತೂತು ಮಕ್ಕಳ ಅಳತೆಯದು. ಮುಖ ಇಡಬೇಕೆಂದರೆ ಮಂಡಿ ಊರಬೇಕಿತ್ತು. ಊರಿದ. ಮುಖವನ್ನು ಮಾತ್ರ ತೂತಿಗೆ ಇಡದೆ ಒಂದು ಗೇಣು ಹಿಂದೆಯೇ ಉಳಿದ, ಅಪ್ಪನ ಉಸಿರು ಕೇಳುವಷ್ಟು ಹತ್ತಿರ. ಓಣಿಗೆ ತಗಡಿನ ಮಾಡು ಇತ್ತು, ಹಗಲಲ್ಲೂ ಮಬ್ಬು. ಆ ಕಡೆಯಿಂದ ನೋಡುವವರಿಗೆ ತೂತಿನಲ್ಲಿ ಕತ್ತಲೆಯಲ್ಲದೆ ಏನೂ ಕಾಣುವಂತಿರಲಿಲ್ಲ.

ಅಪ್ಪ ಅಲ್ಲಿಂದ ಕಣ್ಣು ಕೀಳಲಿಲ್ಲ.