ನೀಟಮ್ಮ ತೆಗೆದ ಆರನೇ ಪಟ್ಟಿ

ಆಸ್ಪತ್ರೆಯಲ್ಲಿ ನನ್ನನ್ನು ನೀಟಮ್ಮ ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇಸಿಜಿ ತೆಗೆಯುತ್ತಿದ್ದೇನೆ. ನಾನು ತೆಗೆದ ಕಾಗದದ ಪಟ್ಟಿಯಲ್ಲಿ ಗೆರೆ ನಡುಗಿದ್ದನ್ನು ಯಾರೂ ಕಂಡಿಲ್ಲ. ಬಂದವರನ್ನು ಮಲಗಿಸಿ, ಐದು ನಿಮಿಷ ಸುಮ್ಮನಿರಿಸಿ, ಉಸಿರು ಹದಕ್ಕೆ ಬಂದ ಮೇಲೆಯೇ ಗುಂಡಿ ಒತ್ತುವುದು ನನ್ನ ಪದ್ಧತಿ. ಜಂಬ ಅಂದರೆ ಅನ್ನಿ, ನನಗೇನೂ ಬೇಜಾರಿಲ್ಲ.

ಆ ಜಂಬ ಇಳಿಸಿದವರು ನಮ್ಮತ್ತೆ.

ಅತ್ತೆ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಬಟ್ಟೆ ಕತ್ತರಿಸುವುದರಲ್ಲಿ ಅವರದು ಎತ್ತಿದ ಕೈ. ಒಂದು ವರ್ಷದಿಂದ ಒಂದೇ ದೂರು: "ಬಗ್ಗಿದ್ರೆ ಸಾಕು ಕಣೇ, ಸ್ವಿಚ್ ಹಾಕಿದ ಹಾಗೆ ಎದೆ ಓಡೋಕೆ ಶುರು. ಆಮೇಲೆ ಸ್ವಿಚ್ ಆರಿಸಿದ ಹಾಗೆ ಟಕ್ಕಂತ ನಿಲ್ಲುತ್ತೆ."

ಐದು ಸಲ ಕರೆದೊಯ್ದು ಇಸಿಜಿ ತೆಗೆದೆ. ಐದೂ ಚೊಕ್ಕ. ನೋಡಿದ ಡಾಕ್ಟರು ಇದು ಬರೀ ಗಾಬರಿ ಎಂದು ಮಾತ್ರೆ ಬರೆದರು. ಅದನ್ನು ನುಂಗಿ ಅತ್ತೆ ಹಗಲೆಲ್ಲ ತೂಕಡಿಸತೊಡಗಿದರು. ಒಂದು ದಿನ ಗಿರಾಕಿಯ ಹೊಸ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟರು. ಮರುದಿನವೇ ಕತ್ತರಿಗೆ ಎಣ್ಣೆ ಸವರಿ, ಕಪಾಟಿನಲ್ಲಿಟ್ಟು, "ಅಂಗಡಿ ಸಾಕು" ಅಂದರು. ನಮ್ಮವರು "ವಯಸ್ಸಾಯ್ತಲ್ಲಮ್ಮಾ" ಎಂದು ತಲೆಯಾಡಿಸಿದರು. ನಾನು ಒಪ್ಪಲಿಲ್ಲ.

"ಇನ್ನೊಂದೇ ಒಂದು ಸಲ ಬನ್ನಿ" ಎಂದು ಗೋಗರೆದು ಆರನೇ ಸಲ ಕರೆದುಕೊಂಡು ಹೋದೆ.

ನನ್ನ ಕೋಣೆ ಎರಡನೇ ಮಹಡಿಯಲ್ಲಿದೆ. ಅತ್ತೆ ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಬಕಲ್ ಬಿಚ್ಚಿದವರು, ಎದ್ದು ಎದೆಗೆ ಕೈ ಇಟ್ಟುಕೊಂಡರು.

"ಶುರುವಾಯ್ತು."

"ಮೆಟ್ಟಿಲು ಹತ್ತಿದ್ದೀರಲ್ಲ ಅತ್ತೆ. ಮಲಗಿ, ಸುಧಾರಿಸ್ಕೊಳ್ಳಿ. ಎದೆ ಓಟ ನಿಂತ ಮೇಲೆ ತೆಗೆಯೋಣ."

ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಪ್ರತೀ ಸಲ ಹೀಗೇ ಅಂತೀಯ. ಹೊಲಿಗೆ ಬಿಟ್ಟಿದೆ ಅಂತ ತಂದ ಬಟ್ಟೇನ, ಮೊದಲು ಸರಿಮಾಡ್ಕೊಂಡು ಬನ್ನಿ ಆಮೇಲೆ ನೋಡ್ತೀನಿ ಅಂತೀನೇನೇ ನಾನು?"

ನಾಚಿಕೆಯಿಂದ ಮುಖ ಬಿಸಿಯಾಯಿತು. ಐದು ಸಲವೂ ಅವರು ಇದೇ ಬಾಗಿಲಲ್ಲಿ ಬಗ್ಗಿದ್ದರು, ಇದೇ ಮಾತು ಹೇಳಿದ್ದರು. ಐದು ಸಲವೂ ಕಾಯಿಲೆ ಹೊರಟುಹೋಗುವ ತನಕ ಕಾದು, ಆಮೇಲೆ ಗುಂಡಿ ಒತ್ತಿದ್ದವಳು ನಾನು.

ಆದರೆ ತಪ್ಪು ಗೊತ್ತಾದ ಮೇಲೆ ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ಅತ್ತೆಯನ್ನು ಮಂಚಕ್ಕೆ ಏರಿಸಿ, ಚಕಚಕನೆ ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಅತ್ತೆ ಏದುಸಿರು ಬಿಡುತ್ತಿದ್ದರು, ಗೆರೆ ಅಲ್ಲಾಡಿತು. ಅಲ್ಲಾಡಲಿ. ಎತ್ತರದ ಮೊನೆಗಳು ಸಪೂರವಾಗಿ, ಸಮಸಮನಾಗಿ, ಒತ್ತೊತ್ತಾಗಿ ಬರುತ್ತಿದ್ದವು. ಒಂದು ಮೊನೆಗೂ ಇನ್ನೊಂದಕ್ಕೂ ನಡುವೆ ಕಾಗದದ ಮೇಲಿನ ಒಂದೂವರೆ ದೊಡ್ಡ ಚೌಕ. ನಮ್ಮ ಲೆಕ್ಕದಂತೆ ಮುನ್ನೂರನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಇನ್ನೂರು ಬಡಿತ. ಪ್ರತಿ ಮೊನೆಗೂ ಮುಂಚೆ ಇರಬೇಕಾದ ಪುಟ್ಟ ಉಬ್ಬು ಎಲ್ಲೂ ಕಾಣಲಿಲ್ಲ. ಇದು ಮೆಟ್ಟಿಲು ಹತ್ತಿದ ದಣಿವಲ್ಲ, ಗಾಬರಿಯಂತೂ ಅಲ್ಲವೇ ಅಲ್ಲ.

"ಡಾಕ್ಟ್ರೇ, ಓಡಿ ಬನ್ನಿ!" ಎಂದು ಕೂಗಿದೆ.

ಡ್ಯೂಟಿ ಡಾಕ್ಟರು ಪಟ್ಟಿ ನೋಡಿದವರೇ ಅತ್ತೆಯ ಬಿಪಿ ನೋಡಿ, ಅವರನ್ನು ಎತ್ತಿ ಕೂರಿಸಿ, ಕೈಗೆ ಖಾಲಿ ಸಿರಿಂಜ್ ಕೊಟ್ಟು, "ಓಟ ನಿಲ್ಲಿಸೋಕೆ ಇದನ್ನ ಬಲವಾಗಿ ಊದಿ, ಊದ್ತಾ ಇರಿ" ಅಂದರು. ಹದಿನೈದು ಎಣಿಸಿ, ಅಂಗಾತ ಮಲಗಿಸಿ ಎರಡೂ ಕಾಲು ಎತ್ತಿ ಹಿಡಿದರು. ಮೊನೆಗಳ ಓಟ ಒಮ್ಮೆಲೇ ನಿಂತಿತು.  ಮರುಕ್ಷಣ ಪುಟ್ಟ ಉಬ್ಬು, ಎತ್ತರದ ಮೊನೆ, ಮತ್ತೆ ಉಬ್ಬು, ಮೊನೆ.

"ಟಕ್ಕಂತ" ಅಂದರು ಅತ್ತೆ.

"ಹೃದಯದಲ್ಲಿ ಕರೆಂಟು ಓಡೋ ದಾರಿಗೆ ಒಂದು ಅಡ್ಡದಾರಿ ಇದೆ ಅಮ್ಮ, ಅಲ್ಲೇ ಸುತ್ತು ಹೊಡೀತಾ ಇತ್ತು. ತೊಡೆಯಿಂದ ತಂತಿ ಹಾಯಿಸಿ ಅದನ್ನ ಮುಚ್ಚಬಹುದು. ಗಾಬರಿ ಮಾತ್ರೆ ನಿಮಗೆ ಬೇಕಾಗಿಲ್ಲ, ಅದನ್ನ ಹಂತಹಂತವಾಗಿ ನಿಲ್ಲಿಸೋದು ಹೇಗೆ ಅಂತ ಬರ್ಕೊಡ್ತೀನಿ" ಅಂದರು ಡಾಕ್ಟರು.

ಅವರು ಹೋದ ಮೇಲೆ ಅತ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಗೆರೆಯೆಲ್ಲ ಅಲ್ಲಾಡಿದೆಯಲ್ಲೇ. ಗಲೀಜು."

"ಹೌದು ಅತ್ತೆ. ತಪ್ಪಾಯ್ತು. ಐದು ಸಲ..."

"ಐದು ಸಲ ನಿನ್ನ ಪಟ್ಟಿ ತೆಗೆದೆ. ಇವತ್ತು ನನ್ನದು ತೆಗೆದೆ, ಬಿಡು."

ಮಂಚದಿಂದ ಇಳಿದು ಕಾಲು ಮುಂದೆ ಚಾಚಿದರು. "ಚಪ್ಪಲಿ ನೀನೇ ಹಾಕು, ನಾನು ಬಗ್ಗಲ್ಲ. ನಾಳೆ ಕತ್ತರಿ ಹಿಡೀಬೇಕು."

ನಾನು ಬಗ್ಗಿದೆ.