ಹಾರ್ನ್ ಹೊಡೀರಿ, ಮಾವ

"ಮಾವ, ಒತ್ತಿದ್ರಾ?"

ಕಾರಿನಡಿಯಿಂದ ಆನೆಲಿ ಕೂಗಿದಳು. ಉತ್ತರವಿಲ್ಲ.

"ಮಾವ! ಬ್ರೇಕ್ ಒತ್ತಿ ಹಿಡ್ಕೊಂಡಿದ್ದೀರಾ, ಇಲ್ವಾ?"

ಮತ್ತೂ ಮೌನ. ಒತ್ತಿರಲೇಬೇಕೆಂದುಕೊಂಡು ಅವಳು ಚಕ್ರದ ಹಿಂದಿನ ಪುಟ್ಟ ತಿರುಪನ್ನು ಸಡಿಲಿಸಿದಳು. ಕಾಫಿ ಗಸಿಯಂಥ ಹಳೆಯ ಬ್ರೇಕ್ ಎಣ್ಣೆ ಕೊಳವೆಯಲ್ಲಿ ಇಳಿಯತೊಡಗಿದ್ದೇ ತಡ, ಒಳಗೆ ಸೀಟಿನಲ್ಲಿ ಕೂತಿದ್ದ ಹಿಲ್ಡಿಂಗ್ ಮಾವ ಪೆಡಲಿನಿಂದ ಕಾಲು ಎತ್ತಿದರು. ಎಣ್ಣೆ ಸರ್ರನೆ ಹಿಂದಕ್ಕೆ ಸರಿಯಿತು. ಅದರ ಬೆನ್ನಿಗೇ ಗಾಳಿಯ ಗುಳ್ಳೆಗಳೂ ಒಳಹೊಕ್ಕವು.

ಬೆಳಗಿನಿಂದ ಇದೇ ಗೋಳು. ನಾಳೆ ಕಾರಿನ ಮರುತಪಾಸಣೆ. ಗಾಳಿ ಸೇರಿ ಬ್ರೇಕ್ ಹೀಗೆ ಮೆತ್ತಗೇ ಉಳಿದರೆ ಕಾರು ರಸ್ತೆಗಿಳಿಯುವಂತಿಲ್ಲ. ನಾಡಿದ್ದು ಶನಿವಾರ ಗುನ್ವೋರ್ ಅತ್ತೆಯನ್ನು, ಹೊಸ ಸೊಂಟದ ಕೀಲಿನ ಸಮೇತ, ಉಮೆಯೊ ಪಟ್ಟಣದ ಆಸ್ಪತ್ರೆಯಿಂದ ಕರೆತರಬೇಕು. ಶನಿವಾರ ಈ ಹಳ್ಳಿಗೆ ಬಸ್ಸಿಲ್ಲ.

ಆನೆಲಿ ತೆವಳಿಕೊಂಡು ಹೊರಬಂದಳು. "ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ? ಹೂಂ ಅನ್ನೋಕೆ ಏನಾಗತ್ತೆ?"

"ಅಂದೆನಲ್ಲ."

"ಯಾವಾಗ?"

"ನೀನು ಕೇಳ್ದಾಗೆಲ್ಲ. ಆಮೇಲೂ ನೀನು ಕೂಗ್ತಾನೇ ಇದ್ದೆ. ಮುಗೀತೇನೋ ಅಂತ ಕಾಲು ತೆಗ್ದೆ. ನಿಮ್ಮ ದಕ್ಷಿಣದ ಕಡೆಯವರಿಗೆ ಮಾತು ಜಾಸ್ತಿ ಮಾರಾಯ್ತಿ."

"ಹೇಗಂದ್ರಿ? ಇನ್ನೊಂದ್ಸಲ ಅನ್ನಿ ನೋಡೋಣ."

ಮಾವ ತುಟಿ ಚೂಪು ಮಾಡಿ, ಬಿಸಿ ಸಾರು ಹೀರುವವರಂತೆ, ಶುಪ್ ಎಂದು ಒಂದಿಷ್ಟು ಗಾಳಿ ಒಳಗೆಳೆದುಕೊಂಡರು.

ಆನೆಲಿ ನೆಲದ ಮೇಲೆ ಕುಸಿದು ಕೂತಳು. ಉತ್ತರದ ಈ ಊರಿನಲ್ಲಿ ಹೌದು ಎಂದರೆ ಇಷ್ಟೇ. ಮದುವೆಯಲ್ಲಿ ಪಾದ್ರಿ ಕೇಳಿದಾಗ ಅವಳ ಗಂಡನೂ ಹೀಗೇ ಗಾಳಿ ಹೀರಿದ್ದ, ಪಾದ್ರಿಗೆ ಅದು ಸಾಕಾಗಿತ್ತು. ಆದರೆ ಪಾದ್ರಿ ಕಾರಿನಡಿಯಲ್ಲಿ ಮಲಗಿರಲಿಲ್ಲ.

"ಜೋರಾಗಿ ಹೌದು ಅನ್ನಿ. ಇವತ್ತೊಂದು ದಿನ."

ಮಾವನ ಕಿವಿ ಕೆಂಪಾಯಿತು. "ಕೂಗಾಡೋದಾ? ಎದುರುಮನೆ ಸಿಕ್ಸ್ಟೆನ್ ಜಗಳ ಅನ್ಕೊತಾನೆ."

"ಹಾಗಾದ್ರೆ ಹಾರ್ನ್ ಹೊಡೀರಿ! ನಾನು ಬಿಡಿ ಅನ್ನೋ ತನಕ ಕಾಲು ಎತ್ತಿದ್ರೆ ನೋಡಿ ಮತ್ತೆ!"

ಹಾರ್ನ್ ಕೂಗಿತು. ತಿರುಪು ಸಡಿಲವಾಯಿತು, ಎಣ್ಣೆ ಇಳಿಯಿತು, ತಿರುಪು ಬಿಗಿಯಾಯಿತು. "ಬಿಡಿ!" ಮತ್ತೆ ಹಾರ್ನ್. ಆಗಾಗ ಎದ್ದು ಹೊಸ ಎಣ್ಣೆ ತುಂಬಿಸಿ, ಅವಳು ಒಂದೊಂದೇ ಚಕ್ರ ದಾಟಿದಳು. ಕೊಳವೆಯಲ್ಲಿ ಕಪ್ಪು ತೆಳುವಾಗಿ ಜೇನಿನ ಬಣ್ಣಕ್ಕೆ ತಿರುಗಿತು.

ಸಿಕ್ಸ್ಟೆನ್ ಬರೀ ಕಾಲುಚೀಲದಲ್ಲೇ ಅಂಗಳಕ್ಕೆ ಓಡಿಬಂದ. "ಯಾರಿಗೇನಾಯ್ತು?"

"ಏನಿಲ್ಲ," ಎಂದಳು ಆನೆಲಿ ಕೆಳಗಿನಿಂದಲೇ. "ಮಾವ ಮಾತಾಡ್ತಿದ್ದಾರೆ."

ಕೊನೆಯ ಚಕ್ರ ಮುಗಿಸಿ ಅವಳು ಕಿಟಕಿಯ ಬಳಿ ಬಂದು ನಿಂತಳು. ಮಾವ ಪೆಡಲನ್ನು ಒತ್ತಿದರು, ಇನ್ನೊಮ್ಮೆ ಒತ್ತಿದರು. ಅದು ಕಲ್ಲಿನಂತೆ ನಿಂತಿತು.

"ಶನಿವಾರ ಅತ್ತೇನ ಕರ್ಕೊಂಡು ಬರಬಹುದಾ?"

ಮಾವನ ತುಟಿ ಚೂಪಾಯಿತು. ಆಮೇಲೆ ಏನನ್ನಿಸಿತೋ, ಎರಡೂ ಅಂಗೈಯನ್ನು ಹಾರ್ನ್ ಮೇಲೆ ಊರಿದರು.

"ಬಿಡಿ ಮಾವ," ಎಂದಳು ಆನೆಲಿ. "ಬಿಡಿ ಅಂದ್ನಲ್ಲ!"

ಅವರು ಬಿಡಲಿಲ್ಲ.